ಒಗ್ಗರಣೆ ಇಲ್ಲದ ಏಳು ದಿನ

ಮದುವೆ ಮನೆಯ ಅಡುಗೆ ಮಾಡುವವನ ಬಾಳಿನಲ್ಲಿ ನಗುವುದಕ್ಕೆ ಬರಗಾಲವಿಲ್ಲ. ಪಾಯಸಕ್ಕೆ ಉಪ್ಪು ಬೀಳುವುದು, ಗಂಡಿನ ಕಡೆಯವರು ದಾರಿ ತಪ್ಪಿ ಪಕ್ಕದ ಛತ್ರದಲ್ಲಿ ಊಟ ಮುಗಿಸಿ ಕೈ ತೊಳೆದಿರುವುದು, ಇಂಥವು ತಿಂಗಳಿಗೊಂದು ಆಗುತ್ತಲೇ ಇರುತ್ತವೆ. ತಿಪಟೂರಿನಲ್ಲಿ ಇಪ್ಪತ್ತೆಂಟು ವರ್ಷ ಸೌಟು ಹಿಡಿದು ಕಂಡ ಇಂಥ ನಗೆಯನ್ನೆಲ್ಲ ಒಂದು ತಟ್ಟೆಗೆ ಹಾಕಿ, ನಾನೂ ನನ್ನ ಹೆಂಡತಿಯೂ ಅನ್ನ ಮುದ್ದೆ ಬಿಟ್ಟು ಬರೀ ಜ್ಯೂಸ್ ಕುಡಿದುಕೊಂಡಿದ್ದ ಒಂದೇ ಒಂದು ವಾರವನ್ನು ಇನ್ನೊಂದು ತಟ್ಟೆಗೆ ಹಾಕಿದರೆ, ವಾರದ ಕಡೆಗೇ ತಕ್ಕಡಿ ಬಾಗುತ್ತದೆ.

ಎರಡು ಚೀಲ

ಶುರುವಾದದ್ದು ನನ್ನ ಹೆಂಡತಿಯ ಮಂಡಿನೋವಿನಿಂದ. ಮಗಳು ಚೊಚ್ಚಲ ಬಸುರಿ, ಹೆರಿಗೆಗೆ ನಮ್ಮ ಮನೆಗೆ ಬರುವವಳು. ಹುಟ್ಟುವ ಕೂಸಿಗೆ ನಾನೇ ಎಣ್ಣೆ ಹಚ್ಚಿ ಎರೀಬೇಕು ಅಂತ ಇವಳ ಆಸೆ. ಎರೆಯಬೇಕೆಂದರೆ ಮಣೆ ಹಾಕಿಕೊಂಡು ಕೂತು ಕಾಲು ಚಾಚಬೇಕು, ಚಾಚಿದ ಕಾಲ ಮೇಲೆ ಕೂಸನ್ನು ಮಲಗಿಸಿಕೊಂಡು ಬಗ್ಗಬೇಕು. ಇವಳಿಗೆ ಮಣೆಯ ಮೇಲೆ ಕೂರುವುದೇ ಕಷ್ಟ, ಕೂತರೆ ಏಳುವುದು ಇನ್ನೂ ಕಷ್ಟ, ಬಗ್ಗುವ ಮಾತಂತೂ ದೂರ. ಡಾಕ್ಟರು ಮಾತ್ರೆ ಬರೆದುಕೊಟ್ಟು, ಮೊದಲು ತೂಕ ಇಳಿಸಮ್ಮ ಅಂದರು.

ಅದಕ್ಕವಳು ಮೊಬೈಲಿನಲ್ಲಿ ಏಳು ದಿನದ ಜ್ಯೂಸ್ ಪಥ್ಯ ಹುಡುಕಿದಳು. ಮನೆಯಲ್ಲೇ ಮಾಡಿಕೊಳ್ಳುವಂಥದ್ದು. ಜೊತೆಗೆ ನೀವೂ ಮಾಡಿ, ಒಬ್ಬಳೇ ಆದರೆ ನನ್ನ ಕೈಲಾಗಲ್ಲ ಅಂದಳು. ನಾನು ಒಪ್ಪಲಿಲ್ಲ. ಊರಿಗೆಲ್ಲ ಉಣ್ಣಿಸುವವನು ಲೋಟ ಹಿಡಿದು ಕೂತರೆ ನಾಳೆ ಯಾರು ಅಡುಗೆಗೆ ಕರೀತಾರೆ ಅಂತ ನನ್ನ ವಾದ. ಎರಡು ದಿನ ಇದೇ ಮಾತು ನಡೆಯಿತು.

ಮೂರನೆಯ ದಿನ ಕೊಬ್ಬರಿ ಮಿಠಾಯಿಗೆ ಒಳ್ಳೆ ಕೊಬ್ಬರಿ ಆರಿಸಲು ಇಬ್ಬರೂ ಮಂಡಿಗೆ ಹೋದೆವು. ಅಲ್ಲಿ ಹಮಾಲಿಗಳು ಕೊಬ್ಬರಿ ಚೀಲಗಳನ್ನು ಒಂದೊಂದಾಗಿ ತೂಕದ ಕಾಟಾದ ಮೇಲಿಡುತ್ತಿದ್ದರು. ಒಬ್ಬ ಹಿರಿಯ ಹಮಾಲಿ ಮೂಲೆಯಲ್ಲಿ ಕೂತು, ಗೋಡೆಯ ಮೇಲೆ ಮೂಡುವ ಕೆಂಪು ಅಂಕಿಯನ್ನಷ್ಟೇ ನೋಡಿ ಕೂಗಿ ಹೇಳುತ್ತಿದ್ದ. ಚೀಲ ಇಡುತ್ತಿದ್ದವರು ಟೀ ಕುಡಿಯಲು ಹೋಗಿ ಕಾಟಾ ಖಾಲಿಯಾದಾಗ, ನೋಡೇಬಿಡೋಣ ಅಂತ ನಾನು ಸದ್ದಿಲ್ಲದೆ ಹತ್ತಿ ನಿಂತೆ.

ಮೂಲೆಯಲ್ಲಿದ್ದ ಹಮಾಲಿ ಅಂಕಿ ನೋಡಿದ. ನನ್ನ ಕಡೆ ತಿರುಗಲೇ ಇಲ್ಲ. ಟೀ ಕುಡಿಯುತ್ತಿದ್ದವರಲ್ಲೊಬ್ಬನಿಗೆ ಬೇಸರದ ದನಿಯಲ್ಲಿ ಹೇಳಿದ: "ಎರಡೆರಡು ಚೀಲ ಒಟ್ಟಿಗೆ ಇಡಬ್ಯಾಡ ಅಂತ ಎಷ್ಟು ಸಲ ಹೇಳ್ಲಾ ನಿಂಗೆ."

ಆವತ್ತು ಸಂಜೆಯೇ ನಾನಾಗಿ ನಾನೇ ಬೂದುಗುಂಬಳಕಾಯಿ ಹೊತ್ತು ತಂದೆ.

ಯಾವ ದೇವರು

ನಾವು ಶುರುಮಾಡಿದ್ದು ಧನುರ್ಮಾಸಕ್ಕೆ ಮುಂಚೆ, ಅವರೆಕಾಯಿ ಆಗತಾನೆ ಬೀದಿಗೆ ಬಂದ ಕಾಲದಲ್ಲಿ. ಇದಕ್ಕಿಂತ ಕೆಟ್ಟ ಮುಹೂರ್ತ ಇನ್ನೊಂದಿಲ್ಲ. ಪ್ರತಿ ಮನೆಯ ಜಗುಲಿಯಲ್ಲೂ ಅವರೆ ಸುಲಿಯುತ್ತಿದ್ದಾರೆ, ಕಾಳು ಹಿತುಕುತ್ತಿದ್ದಾರೆ, ಮಧ್ಯಾಹ್ನವಾಯಿತೆಂದರೆ ಸಾರಿನ ಘಮಲು ಬೀದಿಯ ಈ ತುದಿಯಿಂದ ಆ ತುದಿಗೆ ಓಡಾಡುತ್ತದೆ. ನಮ್ಮನೆಯಲ್ಲಿ ಮಾತ್ರ ಮೂರು ಹೊತ್ತೂ ಮಿಕ್ಸಿಯ ಸದ್ದು. ಬೆಳಿಗ್ಗೆ ಬೂದುಗುಂಬಳ, ಮಧ್ಯಾಹ್ನ ಸೌತೆಕಾಯಿ ಕ್ಯಾರೆಟ್ಟು, ಸಂಜೆ ಮೂಸಂಬಿ. ನನ್ನ ಇಷ್ಟು ವರ್ಷದ ತಿಳುವಳಿಕೆಯಲ್ಲಿ ಬೂದುಗುಂಬಳ ಇರುವುದು ಮಜ್ಜಿಗೆಹುಳಿಗೆ, ಇಲ್ಲವೆಂದರೆ ದೃಷ್ಟಿ ತೆಗೆಯುವುದಕ್ಕೆ. ಕುಡಿಯುವುದಕ್ಕೂ ಉಂಟೆಂದು ಆವತ್ತೇ ಗೊತ್ತಾದದ್ದು.

ಎದುರು ಮನೆಯಲ್ಲಿ ಒಬ್ಬ ದೊಡ್ಡಮ್ಮ ಇದ್ದಾರೆ. ಅಡುಗೆಯವನ ಮನೆಯಿಂದ ಒಂದೂವರೆ ದಿನ ಒಗ್ಗರಣೆಯ ವಾಸನೆ ಬರದಿದ್ದದ್ದು ಅವರಿಗೆ ತಡೆಯಲಿಲ್ಲ. ಎರಡನೆಯ ದಿನ ಮಧ್ಯಾಹ್ನ ನೇರ ಅಡುಗೆಮನೆಗೇ ಬಂದು ಒಲೆಯ ಮೇಲೆ ಅಂಗೈ ಇಟ್ಟು ನೋಡಿದರು. ತಣ್ಣಗಿತ್ತು. ನನ್ನ ಹೆಂಡತಿಯನ್ನು ಪಕ್ಕಕ್ಕೆ ಕರೆದು, ಇಬ್ಬರೂ ಮಾತು ಬಿಟ್ಟಿದ್ದೀರೇನವ್ವ ಅಂತ ಮೆಲ್ಲಗೆ ಕೇಳಿದರು. ಇವಳು ಇಲ್ಲ ಅಂದಳು. ನಂಬಲಿಲ್ಲ. ಹತ್ತು ನಿಮಿಷ ಬಿಟ್ಟು ಒಂದು ಕೈಯಲ್ಲಿ ಬಿಸಿ ಮುದ್ದೆ, ಇನ್ನೊಂದರಲ್ಲಿ ಹಿತುಕಿದ ಬೇಳೆ ಸಾರು ಹಿಡಿದು ಮತ್ತೆ ಬಂದರು.

ಬಟ್ಟಲು ನಮ್ಮಿಬ್ಬರ ನಡುವೆ ಕೂತಿತು. ಮೇಲೆ ತುಪ್ಪ ಕರಗುತ್ತಿತ್ತು. ಬೇಡ ಅಂದರೆ ದೊಡ್ಡಮ್ಮ ನೊಂದುಕೊಳ್ಳುತ್ತಾರೆ, ಜ್ಯೂಸ್ ಅಂದರೆ ಅವರಿಗೆ ಅರ್ಥವಾಗುವುದಿಲ್ಲ. ನನ್ನ ಹೆಂಡತಿ ಬುದ್ಧಿವಂತೆ, ಹರಕೆ ಮಾಡಿಕೊಂಡಿದ್ದೀವಿ ದೊಡ್ಡಮ್ಮ, ಏಳು ದಿನ ಬೇಯಿಸಿದ್ದು ಮುಟ್ಟುವಂತಿಲ್ಲ ಅಂದಳು. ಯಾವ ದೇವರಿಗೆ ಅಂತ ಅವರು ನನ್ನನ್ನು ಕೇಳಿದರು. ಆ ಹೊತ್ತಿಗೆ ನನ್ನ ಕೈಯಲ್ಲಿ ಅರ್ಧ ಹೆಚ್ಚಿದ ಕಾಯಿ ಇತ್ತು. ಬಾಯಿಗೆ ಬಂದದ್ದು "ಬೂದುಗುಂಬಳದಮ್ಮ."

ದೊಡ್ಡಮ್ಮ ಎರಡೂ ಕೆನ್ನೆ ತಟ್ಟಿಕೊಂಡರು. ಸಾರಿನ ಬಟ್ಟಲನ್ನು ಅವರೇ ಭಕ್ತಿಯಿಂದ ಎತ್ತಿಕೊಂಡು ಹೋದರು. ಗೆದ್ದೆವು ಅಂದುಕೊಂಡೆ.

ಮಾರನೆಯ ದಿನ ಇನ್ನಿಬ್ಬರು ಹೆಂಗಸರನ್ನು ಕರೆದುಕೊಂಡು ಬಂದರು. ಅವರಲ್ಲೊಬ್ಬರ ಮಗನಿಗೆ ಹೆಣ್ಣು ಸಿಗುತ್ತಿಲ್ಲವಂತೆ, ಅವರೂ ಆ ಅಮ್ಮನಿಗೆ ಹರಕೆ ಹೊರಬೇಕಂತೆ. ನಾನು ಬೆವತು, ಗುಡಿ ಎಲ್ಲಿದೆ ಅಂತ ಸರಿಯಾಗಿ ಗೊತ್ತಿಲ್ಲ ದೊಡ್ಡಮ್ಮ, ತೀರಾ ಸಣ್ಣದು ಅಂದೆ.

"ನೀನು ಹೇಳದಿದ್ರೆ ಬುಡಪ್ಪ," ಅಂದರು ದೊಡ್ಡಮ್ಮ. "ನಮ್ಮ ಯಜಮಾನ್ರಿಗೆ ಗೊತ್ತಂತೆ. ಚಿಕ್ಕವರಿದ್ದಾಗ ಹುಳಿಯಾರು ಕಡೆ ನೋಡವ್ರಂತೆ. ಭಾರಿ ಉಗ್ರ ದೇವ್ರಂತೆ ಕಣಪ್ಪ."

ಗಂಜಿ

ಪಥ್ಯದಲ್ಲಿ ಎಳನೀರಿಗೆ ಅಡ್ಡಿ ಇರಲಿಲ್ಲ. ನಮ್ಮ ಸೀಮೆಯಲ್ಲಿ ಅದಕ್ಕೇನು ಕೊರತೆ. ಹಿತ್ತಲಲ್ಲೇ ನಾಲ್ಕು ತೆಂಗಿನ ಮರ, ಹೊರಗೆ ಬೀದಿಗೊಂದು ತೋಟ.

ಮೊದಲ ದಿನ ಇಬ್ಬರೂ ಎಳನೀರು ಕುಡಿದೆವು. ಕುಡಿದ ಮೇಲೆ ಒಳಗೆ ತೆಳ್ಳನೆಯ ಗಂಜಿ ಇರುತ್ತದಲ್ಲ, ಅದನ್ನು ಕೆರೆದು ತಿನ್ನಲು ಹೋದೆ. ಇವಳು ಕೈ ಹಿಡಿದಳು. ಅದು ತಿನ್ನೋದು, ಕುಡಿಯೋದಲ್ಲ ಅಂದಳು. ನ್ಯಾಯವಾದ ಮಾತು. ಪಥ್ಯ ಶುರುಮಾಡುವ ಹಿಂದಿನ ದಿನವೇ ಸಾರು ಕುಡಿಯುವ ಪದಾರ್ಥವೋ ಅಲ್ಲವೋ ಅಂತ ನಾನು ವಾದ ಹೂಡಿ ಸೋತಿದ್ದೆ. ಒಲೆ ಹತ್ತಿದ್ದು ಯಾವುದೂ ಜ್ಯೂಸ್ ಅಲ್ಲ ಅನ್ನುವುದು ಅವಳ ಕಾನೂನು.

ಆದರೆ ಗಂಜಿ ಒಲೆ ಹತ್ತಿಲ್ಲವಲ್ಲ. ಎರಡನೆಯ ದಿನ ಅದನ್ನು ಎಳನೀರಿನ ಜೊತೆಗೇ ಮಿಕ್ಸಿಗೆ ಹಾಕಿ ತಿರುಗಿಸಿ ಲೋಟಕ್ಕೆ ಸುರಿದೆ. ಹಾಲಿನಂತೆ ಬೆಳ್ಳಗೆ ಬಂತು. ಅವಳು ಎತ್ತಿ ನೋಡಿದಳು, ಕುಡಿದಳು, ಏನೂ ಅನ್ನಲಿಲ್ಲ. ಅನ್ನಲಿಲ್ಲ ಅಂದರೆ ಒಪ್ಪಿದ ಹಾಗೆ.

ಅಲ್ಲಿಂದ ನನಗೆ ದಾರಿ ತೆರೆಯಿತು. ಮರ ಹತ್ತುವವನಿಗೆ ಹೇಳಿದೆ, ನಾಳೆ ಒಂಚೂರು ಗಟ್ಟಿ ಗಂಜಿ ಇರೋದು ಕೆಡವಪ್ಪ ಅಂತ. ಮೂರನೆಯ ದಿನದ್ದು ಮಜ್ಜಿಗೆಯಷ್ಟು ಮಂದ ಬಂತು. ನಾಲ್ಕನೆಯ ದಿನಕ್ಕೆ ಇನ್ನೂ ಬಲಿತದ್ದು ಕೆಡವಿಸಿದೆ, ಪಾಯಸದ ಹದಕ್ಕೆ ಬಂತು. ಹೊಟ್ಟೆಗೆ ಏನೋ ಒಂದು ಆಧಾರ ಸಿಕ್ಕಿತು. ಹೆಂಡತಿಯ ಮುಖದಲ್ಲೂ ಕಳೆ ಬಂದಿತ್ತು. ಅವಳೂ ಗುಟ್ಟಾಗಿ ಆ ಲೋಟಕ್ಕೇ ಕಾಯುತ್ತಾಳೆಂದು ನನಗೆ ಗೊತ್ತಾಗುತ್ತಿತ್ತು.

ಐದನೆಯ ದಿನ ಮರ ಹತ್ತುವವನಿಗೆ ಬೇಸರವಾಗಿತ್ತೋ ಏನೋ, ಕೆಡವಿದ್ದು ಎಳನೀರೇ ಅಲ್ಲ, ಕಾಯಿ. ನಾನು ಬಿಡಲಿಲ್ಲ. ಒಡೆದು ಚೂರು ಮಾಡಿ ಹಾಕಿದೆ. ಸಪ್ಪೆ ಅಂತ ಒಂದು ತುಂಡು ಶುಂಠಿ ಹಾಕಿದೆ, ನಾಲ್ಕೆಲೆ ಪುದೀನ, ಚಿಟಿಕೆ ಉಪ್ಪು, ನಾಲಿಗೆ ಕೇಳಿತೆಂದು ಒಂದು ಹಸಿಮೆಣಸಿನಕಾಯಿ. ಲೋಟಕ್ಕೆ ಸುರಿಯಲು ಹೋದರೆ ಬೀಳಲಿಲ್ಲ, ಸ್ಪೂನಿನಲ್ಲಿ ಬಳಿದು ಹಾಕಬೇಕಾಯಿತು. ಹಾಕಿದ ಸ್ಪೂನು ಲೋಟದಲ್ಲಿ ನೆಟ್ಟಗೆ ನಿಂತುಕೊಂಡಿತು.

ಇವಳು ಸ್ಪೂನನ್ನು ನೋಡಿದಳು, ನನ್ನನ್ನು ನೋಡಿದಳು. "ಇದು ಚಟ್ನಿ ಕಣ್ರೀ," ಅಂದಳು. "ಒಗ್ಗರಣೆ ಒಂದು ಬಾಕಿ."

ಅಜ್ಜನ ನಾಲಿಗೆ

ಇದರ ನಡುವೆ, ನಾಲ್ಕನೆಯ ದಿನ, ಅರಳಗುಪ್ಪೆಯಲ್ಲಿ ಮದುವೆ. ಧನುರ್ಮಾಸ ಬರುವ ಮುಂಚಿನ ಕೊನೆಯ ಮುಹೂರ್ತ, ಎಂಟುನೂರು ಎಲೆ. ಜ್ಯೂಸ್ ವಿಚಾರ ತಲೆಗೆ ಬರುವುದಕ್ಕಿಂತ ಎಷ್ಟೋ ಮೊದಲು ಒಪ್ಪಿಕೊಂಡದ್ದು. ಹೊರಡುವಾಗ ಹೆಂಡತಿ ಬಾಟಲಿಗೆ ಬೂದುಗುಂಬಳ ತುಂಬಿಕೊಟ್ಟು, ರುಚಿ ನೋಡೋ ನೆಪದಲ್ಲಿ ಬಾಯಿಗೆ ಏನೂ ಹಾಕ್ಕೋಬೇಡಿ, ಹಾಕ್ಕೊಂಡ್ರೆ ನಾನೂ ನಿಲ್ಲಿಸಿಬಿಡ್ತೀನಿ ಅಂದಳು.

ಇದಕ್ಕಿಂತ ದೊಡ್ಡ ಬೇಡಿ ಇಲ್ಲ. ನಾನು ಯಾವ ಅಡುಗೆಯನ್ನಾದರೂ ಅಂಗೈಗೆ ಒಂದು ತೊಟ್ಟು ಬಿಟ್ಟುಕೊಂಡು ನೆಕ್ಕಿಯೇ ಇಳಿಸುವವನು. ಎಂಟುನೂರು ಜನರ ಹುಳಿಗೆ ಉಪ್ಪು ಹೆಚ್ಚುಕಡಿಮೆಯಾದರೆ ಒಂದೇ ದಿನಕ್ಕೆ ಇಪ್ಪತ್ತೆಂಟು ವರ್ಷದ ಹೆಸರು ಹೋಗುತ್ತದೆ. ಆದರೆ ನಾನು ನೆಕ್ಕಿದರೆ ಮನೆಯಲ್ಲಿ ಅವಳು ನಿಲ್ಲಿಸುತ್ತಾಳೆ, ಕೂಸಿಗೆ ಎರೆಯುವ ಆಸೆ ಅಲ್ಲಿಗೆ ಮುಗಿಯಿತು. ಕೊಳಗದ ಮುಂದೆ ನಿಂತು ಉಪ್ಪನ್ನು ಬರೀ ಅಂದಾಜಿನ ಮೇಲೆ ಹಾಕಿದೆ.

ಒಲೆಯ ಹತ್ತಿರ ಒಬ್ಬರು ಅಜ್ಜ ಕುರ್ಚಿ ಹಾಕಿಕೊಂಡು ಕೂತಿದ್ದರು. ಹೆಣ್ಣಿನ ತಾತನ ತಮ್ಮ. ಚಳಿಗೆ ಬೆಂಕಿಯ ಹತ್ತಿರ ಹಾಯಾಗಿದೆ ಅಂತ ಬೆಳಗಿನ ಜಾವದಿಂದ ಅಲ್ಲೇ ಇದ್ದರು. ನಾನು ಒಂದು ದೊನ್ನೆಯಲ್ಲಿ ಸಾರು ಕೊಟ್ಟು, ಉಪ್ಪು ನೋಡಿ ಅಜ್ಜ ಅಂದೆ. ಅವರು ಕಣ್ಣು ಮುಚ್ಚಿ ಕುಡಿದರು, ಆಮೇಲೆ ಗಂಭೀರವಾಗಿ ತಲೆ ಆಡಿಸಿದರು. ಸರಿಯಾಗೈತೆ ಅಂದರು. ನನಗೆ ಜೀವ ಬಂತು. ಪಲ್ಯ ಕೊಟ್ಟೆ, ಸರಿಯಾಗೈತೆ. ಹುಳಿ ಕೊಟ್ಟೆ, ಸರಿಯಾಗೈತೆ. ಪುಳಿಯೋಗರೆಗೆ ಮಾತ್ರ ಇನ್ನೊಂದು ಸಲ ನೋಡಬೇಕು ಅಂದರು. ಕೊಟ್ಟೆ. ಮೂರನೆಯ ಸಲವೂ ನೋಡಿ ಸರಿಯಾಗೈತೆ ಅಂದರು. ಇಂಥ ನಾಲಿಗೆ ಇರುವವರು ಈ ಕಾಲದಲ್ಲಿ ಅಪರೂಪ ಅಂತ ಮನಸ್ಸಿನಲ್ಲೇ ಕೈಮುಗಿದೆ.

ಊಟಕ್ಕೆ ಎಲೆ ಹಾಕಿದರು. ಮೊದಲ ಪಂಕ್ತಿಯವರೇ ಹುಳಿಯನ್ನು ಮೂರು ಮೂರು ಸಲ ಹಾಕಿಸಿಕೊಂಡರು. ಎರಡನೆಯ ಪಂಕ್ತಿಯಲ್ಲಿ ಸಾರನ್ನು ಕೈಯಲ್ಲಿ ಹಿಡಿದು ಕುಡಿದರು. ಹೆಣ್ಣಿನ ಅಪ್ಪ ಬಂದು ಎರಡೂ ಕೈ ಹಿಡಿದುಕೊಂಡು, ನಿಮ್ಮ ಕೈಯಡುಗೆ ಎಷ್ಟೋ ಸಲ ಉಂಡಿದ್ದೀನಿ, ಇವತ್ತಿನಂಗೆ ಯಾವತ್ತೂ ಇರಲಿಲ್ಲ ಅಂದರು. ನನಗೆ ಬೂದುಗುಂಬಳದ ಬಾಟಲಿ ಕೂಡ ಅಮೃತ ಅನ್ನಿಸಿತು.

ಅಷ್ಟರಲ್ಲಿ ಅಜ್ಜನ ಸೊಸೆ ಹುಡುಕಿಕೊಂಡು ಬಂದಳು. ಎಲೆಯ ಮುಂದೆ ಕೂತ ಮಾವ ಊಟವೇ ಬೇಡ ಅಂತಿದ್ದಾರಂತೆ, ಇಲ್ಲಿ ಏನಾದರೂ ತಿಂದರಾ ಅಂತ ಕೇಳಿದಳು. ರುಚಿ ನೋಡಿದರಮ್ಮ ಅಂದೆ. ಅವಳು ತಲೆಗೆ ಕೈಹೊತ್ತಳು. ಬಿಪಿ ಅಂತ ಹತ್ತು ವರ್ಷದಿಂದ ಅವರಿಗೆ ಉಪ್ಪಿಲ್ಲದ ಊಟವಂತೆ.

ಅಂದರೆ ಬೆಳಗಿಂದ ಯಾರೂ ಉಪ್ಪು ನೋಡಿಯೇ ಇಲ್ಲ. ಎಂಟುನೂರು ಜನ ಹೊಗಳಿದ್ದು ನನ್ನ ಬರಿಗೈಯ ಅಂದಾಜನ್ನು. ಸೀದಾ ಅಜ್ಜನ ಹತ್ತಿರ ಹೋಗಿ, ಎಲ್ಲದಕ್ಕೂ ಸರಿಯಾಗೈತೆ ಅಂದ್ರಲ್ಲ, ಉಪ್ಪು ಹೆಂಗಿತ್ತು ಅಂತ ನಿಜ ಹೇಳಿ ಅಜ್ಜ ಅಂದೆ.

"ಹೆಂಗಿತ್ತೋ ನಂಗೇನ್ ಗೊತ್ತಪ್ಪ," ಅಂದರು ಅಜ್ಜ. "ಇತ್ತು. ಅಷ್ಟು ಸಾಕಾಯ್ತು ನಂಗೆ."

ಕೆಂಪು

ಆರನೆಯ ದಿನ ಬೂದುಗುಂಬಳ ಮುಗಿಯಿತು. ಮಾರುಕಟ್ಟೆಯಲ್ಲಿ ಬೀಟ್ರೂಟ್ ಚೆನ್ನಾಗಿತ್ತೆಂದು ಹೆಂಡತಿ ಎರಡು ಕೆಜಿ ತಂದಳು. ಮಧ್ಯಾಹ್ನವೂ ಸಂಜೆಯೂ ಇಬ್ಬರೂ ದೊಡ್ಡ ದೊಡ್ಡ ಲೋಟ ಕುಡಿದೆವು.

ಏಳನೆಯ ದಿನ, ಕೊನೆಯ ದಿನ. ಬೆಳಿಗ್ಗೆ ಎದ್ದು ಪಾಯಿಖಾನೆಗೆ ಹೋದವನು ನೋಡುತ್ತೇನೆ, ಕೆಂಪು.

ಬೆಂಕಿಯ ಮುಂದೆ ಬೆಂದ ಕರುಳು, ಕೊನೆಗೂ ಕೈಕೊಟ್ಟಿತು ಅಂದುಕೊಂಡೆ. ಮಗಳ ಹೆರಿಗೆ ಹತ್ತಿರ ಬಂದಿದೆ, ಇವಳಿಗೆ ಹೇಳಿದರೆ ತಡೆದುಕೊಳ್ಳಲಾರಳು. ಹೇಳಬಾರದು ಅಂತ ನಿಶ್ಚಯಿಸಿ ಹೊರಗೆ ಬಂದೆ. ಸುಮ್ಮನೆ ಕೂತರೆ ಅಳು ಬರುತ್ತಿತ್ತು. ಮಂಚದ ಮೇಲೆ ಒಗೆದ ಬಟ್ಟೆಯ ರಾಶಿ ಇತ್ತು, ಕೂತು ಮಡಿಸತೊಡಗಿದೆ. ಮದುವೆಯಾಗಿ ಇಪ್ಪತ್ತಾರು ವರ್ಷದಲ್ಲಿ ನಾನು ಬಟ್ಟೆ ಮಡಿಸಿದ್ದು ಅದೇ ಮೊದಲು.

ಹೆಂಡತಿ ಹಿತ್ತಲಿಂದ ಬಂದಳು. ನಾನು ಅವಳ ಸೀರೆ ಮಡಿಸುತ್ತಿರುವುದನ್ನು ನೋಡಿಯೂ ಏನೂ ಕೇಳಲಿಲ್ಲ. ಆಗಲೇ ನನಗೆ ಅನುಮಾನ ಬರಬೇಕಿತ್ತು. ಮುಖ ಬಾಡಿತ್ತು. ಪಕ್ಕದಲ್ಲಿ ಕೂತು ಮೆತ್ತಗೆ, "ನಿಮಗೆ ಏನಾದ್ರೂ ತಿನ್ನಬೇಕು ಅನ್ನಿಸಿದ್ರೆ ತಿನ್ನಿ ರೀ, ನಾನೇನೂ ಅನ್ನಲ್ಲ," ಅಂದಳು. ನೀನು ತಿನ್ನು ಕಣೇ ಅಂದೆ. ಇಬ್ಬರೂ ತಿನ್ನಲಿಲ್ಲ. ಕೊನೆಯ ದಿನದ ಜ್ಯೂಸಿನ ಲೋಟಗಳನ್ನು ಎದುರುಬದುರು ಕೂತು, ಪ್ರಸಾದ ಕುಡಿದ ಹಾಗೆ ಕುಡಿದೆವು. ಹಠಕ್ಕೆ ಬಿದ್ದು ಬಂದ ದಾರಿ, ಕೊನೆಯಲ್ಲಿ ಬಿಡಬಾರದು ಅಂತ ನನಗೆ. ಅವಳಿಗೂ ಹಾಗೇ ಅನ್ನಿಸಿರಬೇಕು.

ಮಧ್ಯಾಹ್ನ ನನಗೆ ಇನ್ನೊಂದು ಯೋಚನೆ ಬಂತು. ನನ್ನ ಸಾರಿನ ಪುಡಿಯ ಗುಟ್ಟು. ಅದನ್ನು ನನಗೆ ಕಲಿಸಿದವರು ಯಾರಿಗೂ ಹೇಳಬೇಡ ಅಂತ ಮಾತು ತೆಗೆದುಕೊಂಡಿದ್ದರು, ಹೆಂಡತಿಗೂ ಹೇಳಿರಲಿಲ್ಲ. ನನ್ನ ಜೊತೆಗೇ ಹೋಗಿಬಿಟ್ಟರೆ ಅಂತ ಹೆದರಿ, ಅವಳನ್ನು ಕೂರಿಸಿಕೊಂಡು ಎಲ್ಲವನ್ನೂ ಹೇಳಿದೆ. ಯಾವುದು ಎಷ್ಟು, ಯಾವುದು ಮೊದಲು ಹುರಿಯಬೇಕು, ಬೇರೆ ಯಾರೂ ಹಾಕದ ಆ ಒಂದು ಪದಾರ್ಥ ಯಾವುದು. ಅವಳು ಕಣ್ಣು ಒರೆಸಿಕೊಳ್ಳುತ್ತ ಕೇಳಿದಳು. ಕೇಳಿ ಮುಗಿದ ಮೇಲೆ, ನಾನೂ ಒಂದು ಹೇಳಬೇಕು, ಇಷ್ಟು ವರ್ಷ ನೀವು ಮಾಡಿದ ಬಿಸಿಬೇಳೆಬಾತಿಗೆ ಹಿಂದಿನಿಂದ ಹುಣಿಸೆರಸ ಹಿಂಡ್ತಿದ್ದವಳು ನಾನೇ, ತಪ್ಪು ತಿಳ್ಕೋಬೇಡಿ ಅಂದಳು. ಆವತ್ತು ನಾನು ಅದನ್ನೂ ಕ್ಷಮಿಸಿದೆ.

ಸಂಜೆ ಪಾತ್ರೆಗೆ ಕಲಾಯಿ ಹಾಕಿಸಿಕೊಂಡು ಬತ್ತೀನಿ ಅಂತ ಹೇಳಿ ಡಾಕ್ಟರ ಶಾಪಿಗೆ ಹೋದೆ. ಗುರುತಿನವರು ಯಾರೂ ನೋಡಬಾರದೆಂದು ಪೇಪರ್ ಅಡ್ಡ ಹಿಡಿದು ಬೆಂಚಿನ ಮೇಲೆ ಕೂತೆ. ಸ್ವಲ್ಪ ಹೊತ್ತಿಗೆ ಒಬ್ಬ ಹೆಂಗಸು ಸೆರಗನ್ನು ತಲೆ ಮೇಲೆ ಹೊದ್ದು ಪಕ್ಕಕ್ಕೆ ಬಂದು ಕೂತಳು. ಪೇಪರಿನ ಕೆಳಗಿಂದ ಕಾಲು ಕಂಡಿತು. ಆ ಚಪ್ಪಲಿಯ ಕಿತ್ತ ಪಟ್ಟಿಗೆ ಹೋದ ವಾರ ಪಿನ್ನು ಚುಚ್ಚಿಕೊಟ್ಟವನು ನಾನೇ. ಬ್ಲೌಸ್ ಹೊಲಿಯಲು ಕೊಟ್ಟು ಬರ್ತೀನಿ ಅಂದಿದ್ದ ನನ್ನ ಹೆಂಡತಿ.

ಡಾಕ್ಟರು ಇಬ್ಬರನ್ನೂ ಒಟ್ಟಿಗೆ ಒಳಗೆ ಕರೆದರು. ಮೊದಲು ಇವರನ್ನ ನೋಡಿ ಅಂತ ಅವಳು, ಇವಳನ್ನ ನೋಡಿ ಅಂತ ನಾನು. ಯಾರೂ ಬಾಯಿ ಬಿಡದ್ದನ್ನು ನೋಡಿ ಅವರು ಒಬ್ಬೊಬ್ಬರನ್ನೇ ಕೇಳಿದರು. ನಾನು ಕಿವಿಯಲ್ಲಿ ಹೇಳಿದೆ. ಅವಳೂ ಕಿವಿಯಲ್ಲಿ ಹೇಳಿದಳು. ಡಾಕ್ಟರು ಪೆನ್ನು ಕೆಳಗಿಟ್ಟು, ನಿನ್ನೆ ಏನು ತಿಂದ್ರಿ ಅಂತ ಕೇಳಿದರು. ತಿಂದಿಲ್ಲ, ಬೀಟ್ರೂಟ್ ಜ್ಯೂಸ್ ಕುಡಿದ್ವಿ ಅಂತ ಇಬ್ಬರೂ ಒಟ್ಟಿಗೇ ಹೇಳಿದೆವು. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ಕೆಂಪಾದದ್ದು ಬೀಟ್ರೂಟಿನ ಬಣ್ಣವೇ, ಬೇರೇನೂ ಅಲ್ಲ ಅಂದರು.

ಆಮೇಲೆ ಇಬ್ಬರನ್ನೂ ತೂಕ ಮಾಡಿಸಿದರು. ಅವಳು ಮೂರೂವರೆ ಕೆಜಿ ಇಳಿದಿದ್ದಳು, ನಾನು ನಾಲ್ಕು. ಇದರಲ್ಲಿ ಬಹಳಷ್ಟು ನೀರೇ ಹೋಗಿರುತ್ತೆ, ಜ್ಯೂಸನ್ನೇ ನಂಬಿಕೊಂಡು ಕೂರಬೇಡಿ, ಅನ್ನ ಕಡಿಮೆ ಮಾಡಿ ದಿನಾ ನಡೀರಿ ಅಂದರು. ಏಳು ದಿನ ಅವರೆಬೇಳೆ ಸಾರನ್ನು ಗೆದ್ದವರಿಗೆ ನಡೆಯುವುದೇನು ದೊಡ್ಡದು. ನಡೆದೆವು. ಮೂರು ತಿಂಗಳಿಗೆ ಮಗಳು ಹೆತ್ತಾಗ ಇವಳು ಮಣೆ ಹಾಕಿಕೊಂಡು ಕೂತು, ಕಾಲು ಚಾಚಿ, ಮೊಮ್ಮಗಳಿಗೆ ತಾನೇ ಎರೆದು, ಯಾರ ಕೈಯನ್ನೂ ಹಿಡಿಯದೆ ಎದ್ದಳು.

ಅದು ಆಮೇಲಿನ ಮಾತು. ಆವತ್ತು ಶಾಪಿನ ಮೆಟ್ಟಿಲು ಇಳಿಯುವಾಗ ಸಾಯುವುದಿಲ್ಲ ಅನ್ನುವ ಸಂತೋಷಕ್ಕಿಂತ ಸಾರಿನ ಪುಡಿಯ ಗುಟ್ಟು ಹೋಯಿತಲ್ಲ ಅನ್ನುವ ಸಂಕಟವೇ ನನಗೆ ಹೆಚ್ಚಾಗಿತ್ತು. ಮಧ್ಯಾಹ್ನ ಹೇಳಿದ್ದನ್ನು ಮರೆತುಬಿಡೇ, ಸಾಯೋನು ಅಂದ್ಕೊಂಡು ಹೇಳಿದ್ದು ಅಂದೆ.

"ಅದನ್ನ ಮದುವೆಯಾದ ವರ್ಷವೇ ಡಬ್ಬಿ ಮೂಸಿ ಕಂಡುಹಿಡಿದಿದ್ದೆ ಕಣ್ರೀ," ಅಂದಳು. "ನಿಮಗೆ ಬಟ್ಟೆ ಮಡಿಸೋಕೆ ಬರುತ್ತೆ ಅನ್ನೋದೊಂದೇ ಇವತ್ತು ಗೊತ್ತಾಗಿದ್ದು."